ಪೆಟ್ಟಿಗೆ ಹೊರುತ್ತಿದ್ದ ಶಿಷ್ಯ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಎಪ್ಪತ್ತು ದಾಟಿದ ಪಿಟೀಲು ವಾದಕರು. ಆಯುಷ್ಯವೆಲ್ಲ ಊರೂರು ತಿರುಗಿ ನುಡಿಸಿದವರು. ವರ್ಷದಿಂದ ಅವರ ಬೆನ್ನು ಹತ್ತಿರುವ ಹತ್ತೊಂಬತ್ತರ ಯುವಕ ಪೆಟ್ಟಿಗೆ ಹೊರುತ್ತಾನೆ, ಟಿಕೆಟ್ ಮಾಡಿಸುತ್ತಾನೆ. "ಕಲಿಸುತ್ತೇನೆ ಅನ್ನುತ್ತಾರೆ, ಕಲಿಸುವುದಿಲ್ಲ. ಹೋಗು ಎಂದೂ ಹೇಳುವುದಿಲ್ಲ" ಎಂಬುದು ಅವನ ದೂರು. "ಇವನಿಗೆ ಬಹಳ ಅವಸರ" ಎಂಬುದು ಹಿರಿಯರ ಉತ್ತರ. ಸಲಹೆ ಕೇಳಲು ಇಬ್ಬರೂ ನನ್ನ ಬಳಿ ಬಂದಿದ್ದರು.

ವಿದ್ಯೆ ಬಚ್ಚಿಟ್ಟುಕೊಂಡ ಮುದುಕ ಎಂದು ತೀರ್ಮಾನಿಸಿಬಿಡುವುದು ಸುಲಭವಿತ್ತು. ಆದರೆ ಯುವಕ ಯಾವಾಗಲೂ ಅವರ ಬಲಕ್ಕೇ ಕುಳಿತುಕೊಳ್ಳುತ್ತಿದ್ದ. ಎಡಕ್ಕಿದ್ದ ನಾನು ಏನಾದರೂ ಕೇಳಿದರೆ ಅವರು ಅವನ ಮುಖ ನೋಡುತ್ತಿದ್ದರು. ಅವನು ನನ್ನ ಪ್ರಶ್ನೆಯನ್ನು ತನ್ನದೇ ಎಂಬಂತೆ ಮತ್ತೊಮ್ಮೆ ಕೇಳುತ್ತಿದ್ದ. ಗಲ್ಲದಡಿ ಇಟ್ಟು ನುಡಿಸುವ ಪಿಟೀಲು ಎಡಗಿವಿಯ ಪಕ್ಕದಲ್ಲೇ ಮೊಳಗುತ್ತದೆ. ದೀರ್ಘಕಾಲ ನುಡಿಸಿದವರಲ್ಲಿ ಆ ಕಿವಿ ಹೆಚ್ಚು ಸೊರಗುವುದುಂಟು. ವಯಸ್ಸಿನ ಕಿವುಡೂ ಮೊದಲು ಕಸಿಯುವುದು ಎತ್ತರದ ಧ್ವನಿಗಳನ್ನೇ.

ಒಬ್ಬರೇ ಬಂದಾಗ ಹಿರಿಯರು ಬಾಯಿಬಿಟ್ಟರು: "ಅವನು ಅಪಸ್ವರ ನುಡಿಸಿ, ಅದು ನನಗೆ ಕೇಳಿಸದೆ ಹೋದರೆ?" ಯುವಕನಿಗೆ ಇದು ಮೊದಲೇ ಗೊತ್ತಿತ್ತು. ಕಾರ್ಯಕ್ರಮಕ್ಕೆ ಮುಂಚೆ ತಂತಿಗಳನ್ನು ಗುಟ್ಟಾಗಿ ಶ್ರುತಿಗೆ ತರುತ್ತಿದ್ದವನು ಅವನೇ. ಹೇಳಿದರೆ ಅವರು ನೊಂದುಕೊಂಡಾರು ಎಂದು ಸುಮ್ಮನಿದ್ದ.

ಒಬ್ಬರ ಮಾತನ್ನು ಇನ್ನೊಬ್ಬರಿಗೆ ನಾನು ಮುಟ್ಟಿಸುವಂತಿಲ್ಲ. ನೀವೇ ಹೇಳಿ ಎಂದು ಇಬ್ಬರಿಗೂ ಬೇರೆ ಬೇರೆಯಾಗಿ ಸೂಚಿಸಿದೆ. ಮುಂದಿನ ಭೇಟಿಯಲ್ಲಿ ಹಿರಿಯರೇ ಶುರು ಮಾಡಿದರು, ಸಿಟ್ಟಿನಿಂದಲೇ.

ಹಿರಿಯರಿಗೆ ಕೊಟ್ಟ ಮೊದಲ ಸಲಹೆ ಶ್ರವಣ ಪರೀಕ್ಷೆ. ಮಾತಿಗೆಂದು ಹೊಂದಿಸಿದ ಶ್ರವಣಯಂತ್ರ ಸಂಗೀತವನ್ನು ವಿಕಾರಗೊಳಿಸಬಹುದು. ಆದ್ದರಿಂದ ಸಂಗೀತಕ್ಕೆ ಪ್ರತ್ಯೇಕ ಹೊಂದಾಣಿಕೆ ಬೇಕೆಂದು ತಜ್ಞರನ್ನು ಕೇಳಿ ಎಂದೆ. ಶ್ರುತಿ ಪರಿಶೀಲಿಸಲು ಮೊಬೈಲಿನ ಟ್ಯೂನರ್ ಸಾಕು. ಕಮಾನಿನ ಒತ್ತಡ, ಮಣಿಕಟ್ಟಿನ ಸಡಿಲಿಕೆ, ಸಭೆ ಬೇಸತ್ತಾಗ ಏನು ನುಡಿಸಬೇಕೆಂಬ ವಿವೇಕ, ಇವು ಕಣ್ಣಿನಿಂದಲೂ ಅನುಭವದಿಂದಲೂ ಕಲಿಸುವಂಥವು. ಯಾವ ಯಂತ್ರವೂ ಅವನ್ನು ಕಲಿಸಲಾರದು.

ಯುವಕನಿಗೆ ಹೇಳಿದ್ದು ಸ್ವಲ್ಪ ಖಾರವಾಗಿಯೇ ಇತ್ತು: ಸೇವೆ ಮಾಡಿದ ಮಾತ್ರಕ್ಕೆ ವಿದ್ಯೆ ತಾನಾಗಿ ಬಂದೀತೆಂದು ಕಾಯಬೇಡ. ಪೆಟ್ಟಿಗೆ ಹೊರುವುದು ಕೆಲಸ, ಅದಕ್ಕೆ ಸಂಬಳ ಕೇಳು. ಪಾಠಕ್ಕೆ ಬೇರೆ ಹೊತ್ತು ಗೊತ್ತುಮಾಡಿಕೊ. ಬೆರಳುಗಳ ಮೂಲಪಾಠಕ್ಕೆ ಇನ್ನೊಬ್ಬ ಶಿಕ್ಷಕರ ಬಳಿ ಹೋಗುವುದು ದ್ರೋಹವಲ್ಲ, ಆದರೆ ಇವರಿಗೆ ತಿಳಿಸಿಯೇ ಹೋಗು. ತಿರುಗಾಟದ ಆಸೆ ಎಷ್ಟು, ಸಂಗೀತದ ಆಸೆ ಎಷ್ಟು ಎಂದೂ ಕೇಳಿದೆ. ಅದಕ್ಕೆ ಅವನಿನ್ನೂ ಉತ್ತರಿಸಿಲ್ಲ.

ಮೂರು ತಿಂಗಳ ಪ್ರಯೋಗಕ್ಕೆ ಇಬ್ಬರೂ ಒಪ್ಪಿದರು. ಸಂಬಳ ಗೊತ್ತಾಗಿದೆ. ಬೆಳಗಿನ ಪಾಠ ನಡೆಯುತ್ತಿದೆ, ಪ್ರಯಾಣದ ದಿನಗಳಲ್ಲಿ ತಪ್ಪುತ್ತದೆ. ಶ್ರವಣಯಂತ್ರವನ್ನು ಪಾಠಕ್ಕೆ ಹಾಕಿಕೊಳ್ಳುವ ಹಿರಿಯರು ವೇದಿಕೆಯ ಮೇಲೆ ಹಾಕಿಕೊಳ್ಳಲು ಮಾತ್ರ ಸುತರಾಂ ಒಪ್ಪಿಲ್ಲ.