ಪಿಆರ್‌ಡಿ (ಪ್ರಾಡಕ್ಟ್ ಏನು ಮಾಡಬೇಕು ಅನ್ನುವ ಬೇಡಿಕೆಗಳ ಡಾಕ್ಯುಮೆಂಟ್) ಬರೆದುಕೊಟ್ಟ ಮೇಲೂ ಡೆವಲಪರ್‌ಗಳ ಪ್ರಶ್ನೆ ನಿಲ್ಲುವುದಿಲ್ಲ. ಎಲ್ಲಿ ತಪ್ಪಾಗುತ್ತಿದೆ?

ಚೆಕ್‌ಔಟ್‌ಗೆ, ಅಂದರೆ ಹಣ ಕಟ್ಟಿ ಆರ್ಡರ್ ಮುಗಿಸುವ ಹಂತಕ್ಕೆ, ಹನ್ನೆರಡು ಪುಟದ ಪಿಆರ್‌ಡಿ ಕೊಟ್ಟರೂ ಸ್ಪ್ರಿಂಟ್ (ಕೆಲವು ವಾರಗಳ ಕೆಲಸದ ಸುತ್ತು) ಶುರುವಾದ ಮೇಲೆ ದಿನಾ ಪ್ರಶ್ನೆ ಬರುತ್ತವೆ ಅಂದಿದ್ದೀರಿ. ಪುಟ ಹೆಚ್ಚಿಸಿದರೆ ಇದು ಸರಿಹೋಗುವುದಿಲ್ಲ. ಎಲ್ಲ ಸುಸೂತ್ರವಾಗಿ ನಡೆದರೆ ಏನಾಗಬೇಕು ಅಂತ ಎಲ್ಲರೂ ಬರೆಯುತ್ತಾರೆ. ಮಧ್ಯದಲ್ಲಿ ಕೈಕೊಟ್ಟರೆ ಏನಾಗಬೇಕು ಅನ್ನುವುದು ಬಿಟ್ಟುಹೋಗುತ್ತದೆ. ಪ್ರಶ್ನೆಗಳು ಹುಟ್ಟುವುದು ಅಲ್ಲಿ.

ನೀವು ಚೆಕ್‌ಔಟ್ ಬಗ್ಗೆ ಕೇಳಿರುವುದರಿಂದ ಅದನ್ನೇ ತೆಗೆದುಕೊಳ್ಳೋಣ. ಪಿಆರ್‌ಡಿಯಲ್ಲಿ ಹೀಗೊಂದು ಸಾಲು ಇದೆ ಅಂದುಕೊಳ್ಳಿ: "ಗ್ರಾಹಕರು ಯುಪಿಐನಲ್ಲಿ ಹಣ ಕಟ್ಟಿದ ತಕ್ಷಣ ಆರ್ಡರ್ ಖಚಿತವಾಗಬೇಕು." ಓದಲು ಸ್ಪಷ್ಟವಾಗಿದೆ. ಆದರೆ ಯುಪಿಐನಿಂದ ಬರುವ ಉತ್ತರ ಸಕ್ಸೆಸ್, ಫೇಲ್ ಎರಡೇ ಅಲ್ಲ, ಪೆಂಡಿಂಗ್ ಕೂಡ ಇದೆ. ಆಗ ಖಾತೆಯಿಂದ ಹಣ ಹೋಗಿರಬಹುದು, ಹೋಗದೆಯೂ ಇರಬಹುದು. ಸ್ಕ್ರೀನ್ ಮೇಲೆ ಏನು ತೋರಿಸಬೇಕು? ಸ್ಟಾಕ್ ಹಿಡಿದಿಡಬೇಕೇ? ಗಾಬರಿಯಾಗಿ ಮತ್ತೊಮ್ಮೆ 'ಪೇ' ಒತ್ತಿದರೆ? ಇವಕ್ಕೆ ನೀವು ಉತ್ತರ ಕೊಡದಿದ್ದರೆ ಡೆವಲಪರ್ ತನಗೆ ತೋಚಿದ್ದನ್ನು ಕೋಡ್ ಮಾಡುತ್ತಾರೆ, ಟೆಸ್ಟರ್ ಬೇರೇನೋ ನಿರೀಕ್ಷಿಸುತ್ತಾರೆ.

ಅದೇ ಮಾತನ್ನು ಹೀಗೆ ಬರೆಯಿರಿ: "ಪೆಂಡಿಂಗ್ ಬಂದರೆ ಸ್ಟಾಕ್ ಅನ್ನು 10 ನಿಮಿಷ ಕಾದಿರಿಸಬೇಕು. ಆ ಅವಧಿಯಲ್ಲಿ ಅದೇ ಆರ್ಡರ್‌ಗೆ ಎರಡನೇ ಪೇಮೆಂಟ್ ಶುರುವಾಗಬಾರದು. 10 ನಿಮಿಷದೊಳಗೆ ಸಕ್ಸೆಸ್ ಬರದಿದ್ದರೆ ಆರ್ಡರ್ ರದ್ದು. ಆಮೇಲೆ ಸಕ್ಸೆಸ್ ಬಂದರೂ ಆರ್ಡರ್ ರದ್ದಾಗಿಯೇ ಇರಬೇಕು, ರೀಫಂಡ್ ತಾನಾಗಿ ಶುರುವಾಗಬೇಕು. ಗೇಟ್‌ವೇಯ (ಪಾವತಿ ನಡೆಸಿಕೊಡುವ ಸೇವೆಯ) ವೆಬ್‌ಹುಕ್, ಅಂದರೆ ತಾನಾಗಿ ಬರುವ ಸೂಚನೆ, ಎರಡು ಸಲ ಬಂದರೂ ಆರ್ಡರ್ ಒಂದೇ ಆಗಬೇಕು." ಇಲ್ಲಿ 10 ಅನ್ನುವ ಅಂಕಿ ಬಿಸಿನೆಸ್ ನಿರ್ಧಾರ, ಅದನ್ನು ತೆಗೆದುಕೊಳ್ಳಬೇಕಾದವರು ನೀವು. ಅದನ್ನು ಯಾವ ಟೇಬಲ್‌ನಲ್ಲಿ ಇಡಬೇಕು, ಯಾವ ಕ್ಯೂ ಬಳಸಬೇಕು ಅನ್ನುವುದು ಡೆವಲಪರ್‌ಗೆ ಸೇರಿದ್ದು. ದಯವಿಟ್ಟು ಅಲ್ಲಿಗೆ ಕೈ ಹಾಕಬೇಡಿ.

ಹೊರಗಿನ ನಿಯಮಗಳು ಇದ್ದರೆ ಅವನ್ನೂ ತಾರೀಖಿನ ಸಮೇತ ಬರೆಯಿರಿ. ಯುಪಿಐನಲ್ಲಿ ಗ್ರಾಹಕರ ಹಣ ಕಡಿತವಾಗಿ ವ್ಯಾಪಾರಿಗೆ ದೃಢೀಕರಣ ಬರದಿದ್ದರೆ ವ್ಯವಹಾರ ನಡೆದ ದಿನದಿಂದ 5 ದಿನದೊಳಗೆ ಹಣ ತಾನಾಗಿ ವಾಪಸಾಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಅನ್ನುತ್ತದೆ ಆರ್‌ಬಿಐನ 2019ರ ಸೆಪ್ಟೆಂಬರ್ ಸುತ್ತೋಲೆ. ಇದು ಡಾಕ್ಯುಮೆಂಟ್‌ನಲ್ಲಿ ಇದ್ದರೆ "ಹಣ ಶೀಘ್ರದಲ್ಲೇ ವಾಪಸ್ ಬರುತ್ತದೆ" ಅನ್ನುವ ಮಸುಕು ವಾಕ್ಯ ಸ್ಕ್ರೀನ್ ಮೇಲೆ ಬರುವುದಿಲ್ಲ.

ಗ್ರಾಹಕರು ಓದುವ ಮಾತುಗಳನ್ನು ಅಕ್ಷರಶಃ ಬರೆದುಕೊಡಿ, ಕನ್ನಡ ಎಸ್ಸೆಮ್ಮೆಸ್ ಇದ್ದರಂತೂ ಖಂಡಿತ. ಇಂಗ್ಲಿಷ್ ಮೆಸೇಜ್ ಒಂದಕ್ಕೆ 160 ಅಕ್ಷರ ಹಿಡಿದರೆ ಕನ್ನಡದ್ದಕ್ಕೆ 70 ಮಾತ್ರ. ಮೀರಿದರೆ ತುಂಡಾಗಿ, ತುಂಡಿಗೆ 67ರಂತೆ ಹೋಗುತ್ತದೆ. ಒತ್ತು, ಗುಣಿತದ ಚಿಹ್ನೆಗಳೂ ಲೆಕ್ಕಕ್ಕೆ ಸೇರುತ್ತವೆ. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ 'ಸ್ತ್ರೀ' ಅಲ್ಲಿ ಆರು. ತುಂಡು ಹೆಚ್ಚಾದಷ್ಟೂ ಖರ್ಚು ಹೆಚ್ಚು. ಜೊತೆಗೆ ಟೆಂಪ್ಲೇಟ್ ಅನ್ನು ಡಿಎಲ್‌ಟಿಯಲ್ಲಿ (ಕಂಪನಿಗಳು ಕಳಿಸುವ ಎಸ್ಸೆಮ್ಮೆಸ್‌ಗಳ ನೋಂದಣಿ ವ್ಯವಸ್ಥೆ) ಮೊದಲೇ ನೋಂದಾಯಿಸಬೇಕಾಗುವುದರಿಂದ, ಬಿಡುಗಡೆಯ ಹಿಂದಿನ ದಿನ ಒಂದು ಪದ ಬದಲಿಸಿದರೂ ಮತ್ತೆ ಅನುಮತಿಗೆ ಕಾಯಬೇಕು.

"ಬೇಗ ಲೋಡ್ ಆಗಬೇಕು" ಅಂತ ಬರೆಯಬೇಡಿ. "4ಜಿ ನೆಟ್‌ವರ್ಕ್‌ನಲ್ಲಿ, ಬಟನ್ ಒತ್ತಿದಾಗಿನಿಂದ ಪಾವತಿ ಸ್ಕ್ರೀನ್ ಕಾಣುವವರೆಗೆ, 100ರಲ್ಲಿ 95 ಸಲ 2 ಸೆಕೆಂಡ್ ಮೀರಬಾರದು" ಅಂದರೆ ಅಳೆಯಬಹುದು. ಪ್ರತಿ ಬೇಡಿಕೆಗೂ ನಂಬರ್ ಕೊಡಿ; ಒಂದನ್ನು ತೆಗೆದುಹಾಕಿದರೆ ಆ ನಂಬರ್ ಅನ್ನು ಇನ್ನೊಂದಕ್ಕೆ ಕೊಡಬೇಡಿ, ಕೊಟ್ಟರೆ ಹಳೆಯ ಟೆಸ್ಟ್ ಕೇಸ್‌ಗಳು ತಪ್ಪು ಬೇಡಿಕೆಗೆ ಅಂಟಿಕೊಳ್ಳುತ್ತವೆ. ಈ ಸಲ ಮಾಡದಿರುವುದನ್ನೂ ಮೊದಲ ಪುಟದಲ್ಲೇ ಹೇಳಿಬಿಡಿ. 'ಅರ್ಧ ಮೊತ್ತದ ರೀಫಂಡ್ ಇಲ್ಲ' ಅನ್ನುವ ಒಂದು ಸಾಲು ಎಷ್ಟೋ ವಾದ ಉಳಿಸುತ್ತದೆ.

ಬರೆದಾದ ಮೇಲೆ ಡೆವಲಪರ್‌ಗಿಂತ ಮೊದಲು ಟೆಸ್ಟರ್‌ಗೆ ಕೊಡಿ, ಅದರಿಂದಲೇ ಟೆಸ್ಟ್ ಕೇಸ್ ಬರೆಯಲು ಹೇಳಿ. ಅವರು ಊಹಿಸಿಕೊಂಡ ಕಡೆಯೆಲ್ಲ ನಿಮ್ಮ ಪಿಆರ್‌ಡಿಯಲ್ಲಿ ತೂತಿದೆ. ಉತ್ತರ ಸಿಗದ ಪ್ರಶ್ನೆಗಳನ್ನು ಮುಚ್ಚಿಡದೆ, ಯಾರು ಯಾವ ತಾರೀಖಿನೊಳಗೆ ತೀರ್ಮಾನಿಸಬೇಕು ಅಂತ ಪಕ್ಕದಲ್ಲೇ ಬರೆಯಿರಿ. ಸ್ಪ್ರಿಂಟ್ ಮಧ್ಯೆ ಚಾಟ್‌ನಲ್ಲಿ ಆದ ತೀರ್ಮಾನ ಅದೇ ದಿನ ಡಾಕ್ಯುಮೆಂಟ್‌ಗೆ ಬರಬೇಕು, ಇಲ್ಲದಿದ್ದರೆ ಆ ಚಾಟ್‌ನಲ್ಲಿ ಇಲ್ಲದ ಟೆಸ್ಟರ್ ಹಳೆಯ ಸಾಲನ್ನೇ ನಂಬಿ ಬಗ್ ದಾಖಲಿಸುತ್ತಾರೆ.