ಒಂಟಿ ಜೇನಿನ ಗೂಡು ನಮ್ಮ ಬಿಸಿಲಿಗೆ ತಡೆಯುತ್ತಾ?

ದಾವಣಗೆರೆ ಬಿಸಿಲಲ್ಲಿ ಮನೆಯಲ್ಲೇ ಮಾಡಿದ ಒಂಟಿ ಜೇನಿನ ಗೂಡು ತಡೆಯುತ್ತಾ, ಮಕ್ಕಳಿರುವ ಮನೆ, ಕಚ್ಚಲ್ವಾ ಅಂತ ಕೇಳಿದ್ದೀರಿ. ಧೈರ್ಯವಾಗಿ ಮಾಡಿ. ಒಂಟಿ ಜೇನು ಅಂದ್ರೆ ಗುಂಪು ಕಟ್ಟದೆ, ಒಬ್ಬೊಬ್ಬ ತಾಯಿಯೂ ತಾನೇ ಗೂಡು ಮಾಡಿ ಮೊಟ್ಟೆ ಇಡುವ ಜೇನು; ನಾವು ಟೊಳ್ಳು ಬಿದಿರಿನ ತುಂಡುಗಳನ್ನು ಜೋಡಿಸಿ ಅದಕ್ಕೆ ಜಾಗ ಮಾಡಿಕೊಡುತ್ತೇವೆ ಅಷ್ಟೆ. ನಾನು ಚಿತ್ರದುರ್ಗದಲ್ಲಿ ಕೆಲವು ವರ್ಷಗಳಿಂದ ಇಡುತ್ತಿದ್ದೇನೆ. ಈ ಜೇನುಗಳಿಗೆ ಕಾಯಬೇಕಾದ ತುಪ್ಪ ಇಲ್ಲ, ರಾಣಿ ಇಲ್ಲ, ಹಾಗಾಗಿ ಮೈಮೇಲೆ ಬರುವುದಿಲ್ಲ. ಕೈಯಲ್ಲಿ ಹಿಡಿದು ಅದುಮಿದರೆ ಮಾತ್ರ ಹೆಣ್ಣು ಚುಚ್ಚೀತು. ಗಂಡಿಗೆ ಕೊಂಡಿಯೇ ಇಲ್ಲ.

ಮೊದಲ ವರ್ಷ ನಾನು ತಗಡಿನ ಡಬ್ಬಿಗೆ ಬಿದಿರು ತುಂಬಿ ತಾರಸಿ ಮೇಲೆ ಪಶ್ಚಿಮಕ್ಕೆ ಮುಖ ಮಾಡಿ ಇಟ್ಟಿದ್ದೆ. ಏಪ್ರಿಲ್ ಬಿಸಿಲಿಗೆ ಒಳಗಿನ ಮರಿಗಳೆಲ್ಲ ಒಣಗಿ ಹೋದವು. ಇವತ್ತಿಗೂ ಅದು ನೆನಪಾದರೆ ಹೊಟ್ಟೆ ಚುರ್ ಅನ್ನುತ್ತೆ. ಚಳಿ ದೇಶದವರು ಇಡೀ ದಿನ ಬಿಸಿಲು ಬೀಳುವ ಕಡೆ ಇಡಿ ಅನ್ನುತ್ತಾರೆ, ಅದು ಅವರಿಗೆ ಸರಿ. ನಮ್ಮಲ್ಲಿ ಪೂರ್ವಕ್ಕೆ ಮುಖ ಇರಲಿ, ಬೆಳಗಿನ ಎಳೆಬಿಸಿಲು ಸಾಕು, ಮಧ್ಯಾಹ್ನದ ಹೊತ್ತಿಗೆ ಅಲ್ಲಿ ನೆರಳು ಬಂದಿರಬೇಕು. ಎದೆ ಎತ್ತರದಲ್ಲಿ ಗೋಡೆಗೋ ಕಂಬಕ್ಕೋ ಬಿಗಿಯಾಗಿ ಕಟ್ಟಿ. ತೂಗುಹಾಕಬೇಡಿ, ಗಾಳಿಗೆ ಅಲ್ಲಾಡುವ ಗೂಡಿಗೆ ಜೇನು ಬರುವುದು ಕಷ್ಟ. ಮಳೆ ಎರಚಲು ಬಡಿಯದಂತೆ ಮೇಲೊಂದು ಹಂಚು ಮುಂದಕ್ಕೆ ಚಾಚಿಸಿ.

ಗೂಡಿಗೆ ಬಿದಿರೇ ಒಳ್ಳೆಯದು. ಗೆಣ್ಣಿನ ಹಿಂದೆ ಕೊಯ್ಯಿರಿ, ಆಗ ಒಂದು ತುದಿ ತಾನಾಗೇ ಮುಚ್ಚಿರುತ್ತದೆ. ತೂತು 5ರಿಂದ 8 ಮಿ.ಮೀ., ಉದ್ದ 15 ಸೆಂ.ಮೀ. ಇರಲಿ. ಉದ್ದದಲ್ಲಿ ಜಿಪುಣತನ ಮಾಡಬೇಡಿ, ಯಾಕಂದ್ರೆ ತಾಯಿ ಜೇನು ಹೆಣ್ಣು ಮೊಟ್ಟೆಗಳನ್ನು ಒಳತುದಿಯಲ್ಲಿ, ಗಂಡು ಮೊಟ್ಟೆಗಳನ್ನು ಬಾಗಿಲ ಕಡೆ ಇಡುತ್ತಾಳೆ. ಕೊಳವೆ ಗಿಡ್ಡವಾದರೆ ಜಾಸ್ತಿ ಗಂಡೇ ಹುಟ್ಟುತ್ತವೆ. ಬಾಯಿಯ ಸಿಬಿರನ್ನು ಉಪ್ಪುಕಾಗದದಿಂದ ಉಜ್ಜಿ, ಇಲ್ಲಾಂದ್ರೆ ರೆಕ್ಕೆ ಹರಿಯುತ್ತದೆ. ಪ್ಲಾಸ್ಟಿಕ್ ಸ್ಟ್ರಾ ಬೇಡವೇ ಬೇಡ, ಒಳಗೆ ತೇವ ನಿಂತು ಬೂಸ್ಟು ಹಿಡಿಯುತ್ತದೆ. ಕಪ್ಪು ದುಂಬಿಗೂ ಜಾಗ ಕೊಡೋಣ ಅನ್ನಿಸಿದರೆ ಒಂದೂವರೆ ಸೆಂ.ಮೀ. ತೂತಿನ ಒಂದೆರಡು ಬಿದಿರು ಸೇರಿಸಿ.

ನಿಮ್ಮ ಗುಲಾಬಿ ಎಲೆ ಅಂಚಲ್ಲಿ ಕತ್ತರಿಯಲ್ಲಿ ಕೊರೆದ ಹಾಗೆ ಅರ್ಧಚಂದ್ರಗಳು ಕಂಡರೆ ದಯವಿಟ್ಟು ಔಷಧಿ ಹೊಡೆಯಬೇಡಿ. ಅದು ಎಲೆಕತ್ತರಿ ಜೇನು. ಆ ತುಂಡುಗಳನ್ನು ಸುರುಳಿ ಸುತ್ತಿ ತೊಟ್ಟಿಲು ಮಾಡಿ, ಪರಾಗದ ಜೊತೆ ಮಕರಂದ ಕಲಸಿಟ್ಟು, ಅದರ ಮೇಲೊಂದು ಮೊಟ್ಟೆ ಇಟ್ಟು ಎಲೆಯಿಂದಲೇ ಮುಚ್ಚುತ್ತಾಳೆ. ಎಲ್ಲ ಒಬ್ಬಳೇ! ಗಿಡಕ್ಕೆ ಏನೂ ಆಗುವುದಿಲ್ಲ.

ಇರುವೆ ಮಾತ್ರ ನಿಜವಾದ ಕಾಟ. ಕಂಬಕ್ಕೆ ಗ್ರೀಸ್ ಬಳಿಯಿರಿ. ಬಾಯಿ ಮುಚ್ಚಿದ ಕೊಳವೆಗಳನ್ನು ಅಲ್ಲಾಡಿಸಬೇಡಿ, ಮರಿ ಹಾರಿದ ಮೇಲೆ ಹಳೆಯವನ್ನು ತೆಗೆದು ಹೊಸ ಬಿದಿರು ಹಾಕಿ, ಇಲ್ಲಾಂದ್ರೆ ನುಸಿ, ಬೂಸ್ಟು ಮುಂದಿನ ಮರಿಗಳಿಗೂ ಹತ್ತುತ್ತವೆ.

ಇನ್ನೊಂದು ಮಾತು. ಎಲ್ಲ ಒಂಟಿ ಜೇನೂ ಬಿದಿರಿಗೆ ಬರುವುದಿಲ್ಲ, ಬಹಳಷ್ಟು ಮಣ್ಣಲ್ಲೇ ಬಿಲ ತೋಡುತ್ತವೆ. ನಮ್ಮ ಕಡೆ ಹಳೇ ಮಾಳಿಗೆ ಮನೆಗಳ ಮಣ್ಣಿನ ಗೋಡೆಯಲ್ಲಿ ಸಣ್ಣ ಸಣ್ಣ ತೂತು ನೋಡಿದ್ದೀರಲ್ವಾ? ನೀಲಿ ಪಟ್ಟೆ ಜೇನಿಗೆ ಅಂಥ ಗೋಡೆ ಅಂದ್ರೆ ಇಷ್ಟ. ಟೊಮೆಟೊ, ಬದನೆ ಹೂವನ್ನು ಗಟ್ಟಿಯಾಗಿ ಹಿಡಿದು ಮೈ ನಡುಗಿಸಿ ಪರಾಗ ಉದುರಿಸುವುದು ಇದೇ. ತೋಟದ ಒಂದು ಮೂಲೆಗೆ ಸಿಮೆಂಟು ಹಾಕಬೇಡಿ, ಅಗೆಯಲೂ ಬೇಡಿ, ಸುಮ್ನೆ ಬಿಡಿ. ಬೇಲಿ ಪಕ್ಕ ನಾಲ್ಕು ತೊಗರಿ ಗಿಡ ಹಾಕಿದರೆ ಎಲೆಕತ್ತರಿ, ದುಂಬಿ ಎರಡೂ ಹೂವಿಗೆ ಬರುತ್ತವೆ.