ಹಿಡಿದದ್ದನ್ನು ಬಿಡುವುದಕ್ಕೆ ಎಷ್ಟು ಹೊತ್ತು?

ಲೋಹ ಸೇರಿಸಿದ ಗ್ರ್ಯಾಫೀನ್ ನ್ಯಾನೊರಿಬ್ಬನ್ (ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆಯ ಕಿರಿದಾದ ಪಟ್ಟಿ) ವಿಷಾನಿಲವನ್ನು ಗಟ್ಟಿಯಾಗಿ ಹಿಡಿದಷ್ಟೂ ಸೆನ್ಸರ್ ಒಳ್ಳೆಯದೇ ಅಂತ ಕೇಳಿದ್ದೀರಿ. ಅಲ್ಲ. ಮೈಸೂರಿನಲ್ಲಿ ಎಂ.ಎಸ್ಸಿ. ಪ್ರಾಜೆಕ್ಟಿಗೆ ಈ ಹಿಡಿತದ ಲೆಕ್ಕವನ್ನೇ ಮಾಡುವಾಗ ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ.

ಬರೀ ಗ್ರ್ಯಾಫೀನ್ ಮೇಲೆ ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮಾನಾಕ್ಸೈಡ್‌ಗಳು ಕೆಸುವಿನೆಲೆ ಮೇಲಿನ ನೀರಿನ ಹಾಗೆ ಜಾರಿಬಿಡುತ್ತವೆ. ಕೆಲವೇ ನ್ಯಾನೊಮೀಟರ್ ಅಗಲದ ಪಟ್ಟಿ ಮಾಡಿದರೆ ಬ್ಯಾಂಡ್ ಗ್ಯಾಪ್ (ವಿದ್ಯುತ್ ಹರಿಯಲು ಎಲೆಕ್ಟ್ರಾನ್ ದಾಟಬೇಕಾದ ಶಕ್ತಿಯ ಅಂತರ) ತೆರೆಯುತ್ತದೆ, ಅಂಚು ರಾಸಾಯನಿಕವಾಗಿ ಚುರುಕಾಗುತ್ತದೆ. ಒಂದು ಕಾರ್ಬನ್ ತೆಗೆದು ಅಲ್ಲಿ ಕಬ್ಬಿಣವನ್ನೋ ಪಲ್ಲಾಡಿಯಮ್ಮನ್ನೋ ಕೂರಿಸಿದರೆ, ಹೈಡ್ರೋಜನ್ ಸಲ್ಫೈಡಿನ ಗಂಧಕದಲ್ಲಿ ಬಂಧಕ್ಕೆ ಸೇರದೆ ಉಳಿದ ಎಲೆಕ್ಟ್ರಾನ್ ಜೋಡಿ (ಲೋನ್ ಪೇರ್) ಲೋಹದ ಖಾಲಿ ಕಕ್ಷಕದತ್ತ, ಅಂದರೆ ಎಲೆಕ್ಟ್ರಾನಿಗೆ ಜಾಗವಿರುವ ಕಡೆ, ವಾಲುತ್ತದೆ. ಪಟ್ಟಿಯ ವಾಹಕತೆ ಬದಲಾಗುತ್ತದೆ. ಸೆನ್ಸರ್ ಓದುವುದು ಆ ಬದಲಾವಣೆಯನ್ನೇ.

ಆಮೇಲೆ ಆ ಅಣು ಬಿಟ್ಟು ಹೋಗಬೇಕಲ್ಲ! ಅದು ಸೆಕೆಂಡಿಗೆ ಲಕ್ಷ ಕೋಟಿ ಸಲ ಬಿಡಿಸಿಕೊಳ್ಳಲು ಒದ್ದಾಡುತ್ತದೆ ಅಂತಿಟ್ಟುಕೊಳ್ಳಿ. 300 ಕೆಲ್ವಿನ್‌ನಲ್ಲಿ (ಸುಮಾರು 27 ಡಿಗ್ರಿ ಸೆಲ್ಸಿಯಸ್) ಬಂಧಶಕ್ತಿ, ಅಂದರೆ ಹಿಡಿತ ಬಿಡಿಸಲು ಬೇಕಾದ ಶಕ್ತಿ, 0.8 ಎಲೆಕ್ಟ್ರಾನ್ ವೋಲ್ಟ್ ಇದ್ದರೆ ಸುಮಾರು ಅರ್ಧ ನಿಮಿಷದಲ್ಲಿ ಬಿಡುತ್ತದೆ. 1 ಇದ್ದರೆ 17 ಗಂಟೆ. 1.5 ಇದ್ದರೆ ಸುಮಾರು 5 ಲಕ್ಷ ವರ್ಷ! ಈ ಉತ್ತರ ಬಂದ ದಿನ ಲೆಕ್ಕ ತಪ್ಪಿರಬೇಕೆಂದು ಮೂರು ಸಲ ಮಾಡಿ ನೋಡಿದೆ. 400 ಕೆಲ್ವಿನ್‌ಗೆ (ಸುಮಾರು 127 ಡಿಗ್ರಿ) ಕಾಯಿಸಿದರೆ ಆ 17 ಗಂಟೆ ನಾಲ್ಕೇ ಸೆಕೆಂಡಿಗೆ ಇಳಿಯುತ್ತದೆ, ನಿಜ. ಆದರೆ ಮ್ಯಾನ್‌ಹೋಲಿಗೆ ಇಳಿಯುವವರ ಸೊಂಟದಲ್ಲಿರುವ ಸೆನ್ಸರಿನ ಪುಟ್ಟ ಬ್ಯಾಟರಿಗೆ ಅದು ಹೊರೆ.

ನನಗೆ ಇದು ಬರೀ ಲೆಕ್ಕವಲ್ಲ. ಮಂಡ್ಯ ಕಡೆಯ ನಮ್ಮೂರಲ್ಲಿ ಗೋಬರ್ ಗ್ಯಾಸ್ ಗುಂಡಿಗಿಳಿದ ಚಿಕ್ಕಪ್ಪ "ವಾಸ್ನೆ ಹೋಯ್ತು ಕಣ್ಲಾ" ಅಂತ ಇನ್ನೆರಡು ಮೆಟ್ಟಿಲು ಕೆಳಗೆ ಹೋಗಿದ್ದರು. ಮೇಲಿದ್ದವರು ಹಗ್ಗ ಜಗ್ಗಿದ್ದಕ್ಕೆ ಉಳಿದರು. ವಾಸನೆ ಹೋಗಿರಲಿಲ್ಲ, ಮೂಗು ಸೋತಿತ್ತು. ಹೈಡ್ರೋಜನ್ ಸಲ್ಫೈಡ್ ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನೂರು) ಮುಟ್ಟಿದರೆ ಕೆಲವೇ ನಿಮಿಷಗಳಲ್ಲಿ ಮೂಗಿಗೆ ಕೊಳೆತ ಮೊಟ್ಟೆಯ ನಾತ ತಿಳಿಯುವುದೇ ನಿಲ್ಲುತ್ತದೆ. ಒಮ್ಮೆ ಹಿಡಿದು ಬಿಡದ ರಿಬ್ಬನ್ನೂ ಹಾಗೆಯೇ. ಅದರ ಜಾಗಗಳೆಲ್ಲ ತುಂಬಿದ ಮೇಲೆ ಗಾಳಿ ಕೆಟ್ಟರೂ ಸುಧಾರಿಸಿದರೂ ಅದು ತೋರಿಸುವುದು ಒಂದೇ.

ಇನ್ನೊಂದು ಮಾತು. ಗುಂಡಿಯೊಳಗೆ ತೇವ ವಿಪರೀತ. ನೀರು, ಆಮ್ಲಜನಕ ಎರಡೂ ಆ ಲೋಹದ ಜಾಗಕ್ಕೇ ಪೈಪೋಟಿಗೆ ಬರುತ್ತವೆ, ಕಬ್ಬಿಣವಾದರಂತೂ ಆಮ್ಲಜನಕ ಬೇಗ ಕಚ್ಚಿಕೊಳ್ಳುತ್ತದೆ. ಹಾಗಾಗಿ ವಿಷಾನಿಲದ ಬಂಧಶಕ್ತಿಯ ಪಕ್ಕದಲ್ಲೇ ಈ ಎರಡರದ್ದೂ ಲೆಕ್ಕ ಹಾಕಿ. ನಿಮ್ಮದು ಯಾವ ಲೋಹ, ಅಂಚಿನ ಕಾರ್ಬನ್ ಜೋಡಣೆ ಆರ್ಮ್‌ಚೇರ್ ಬಗೆಯದೋ ಜಿಗ್‌ಜ್ಯಾಗ್ ಬಗೆಯದೋ ಬರೆಯಿರಿ, ಕೂತು ನೋಡೋಣ.